ಆಡಿಯೋಮಾತ್ ಧ್ವನಿಮುದ್ರಕ: ಬನ್ನೇರುಘಟ್ಟದ ಅಂಚಿಗೂ ಕೆರೆಯ ದಡಕ್ಕೂ ಎಷ್ಟು ಒಗ್ಗುತ್ತದೆ?

ಕಾಡು ಕಾಯುವ ಯಂತ್ರ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಬಂದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ. ನಾಗರಹೊಳೆಯ ಹುಲಿಗಳನ್ನು ಮೈಮೇಲಿನ ಪಟ್ಟೆಯಿಂದ ಒಂದೊಂದಾಗಿ ಗುರುತಿಸಿ ಸಂಖ್ಯೆ ಅಂದಾಜಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದರು. ಆಮೇಲೆ ಆ ದಾರಿ ದೇಶವೆಲ್ಲ ಹಬ್ಬಿ, 2018ರ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ನಿಂತವು. ಪಟ್ಟೆ, ಚುಕ್ಕೆ ಇರುವ ದೊಡ್ಡ ಪ್ರಾಣಿಗೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಬೆಂಗಳೂರಿನ ಸುತ್ತ ಇನ್ನೂ ಉಳಿದಿರುವ ಜೀವಗಳಲ್ಲಿ ಬಹುಪಾಲು ಕ್ಯಾಮೆರಾದ ಎದುರಿಗೆ ಬರುವಂಥವಲ್ಲ. ಕಾಡುಪಾಪ ಕೊಂಬೆಯಿಂದ ಕೊಂಬೆಗೆ ಹೋಗುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಹಾಲಕ್ಕಿ, ನತ್ತಿಂಗ, ಕಪ್ಪೆ, ಬಾವಲಿ, ಇವೆಲ್ಲ ಕಣ್ಣಿಗಿಂತ ಕಿವಿಗೆ ಬೀಳುವುದೇ ಹೆಚ್ಚು. ಅದಕ್ಕೇ ಕೆರೆ ಸಮಿತಿಗಳೂ ಕಾಡಂಚಿನ ಊರಿನ ಯುವಕರ ತಂಡಗಳೂ ಮರಕ್ಕೆ ಕಟ್ಟಿ ಬಿಟ್ಟರೆ ತಾನೇ ಸದ್ದು ಮುದ್ರಿಸುವ ಧ್ವನಿಮುದ್ರಕಗಳ ಬಗ್ಗೆ ವಿಚಾರಿಸುವುದುಂಟು. ಅವರಿಗಾಗಿ ಈ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಡಿಮೆ ಬೆಲೆಯ ಧ್ವನಿಮುದ್ರಕಗಳಲ್ಲಿ ಆಡಿಯೋಮಾತ್ ಬಹಳ ಒಳ್ಳೆಯ ಯಂತ್ರ. ಆದರೆ ಹತ್ತು ಯಂತ್ರ ಕೊಳ್ಳುವಷ್ಟು ಹಣವಿದ್ದರೆ ನಾಲ್ಕನ್ನು ಮಾತ್ರ ಕೊಂಡು, ಉಳಿದದ್ದನ್ನು ಎಂಟು ಜನರ ತರಬೇತಿಗೂ ಕೂಲಿಗೂ ಇಡಿ. ಯಂತ್ರ ಕೆಟ್ಟು ನಿಂತ ಯೋಜನೆಗಳು ಕಡಿಮೆ. ಸ್ವಿಚ್ ತಪ್ಪಾಗಿ ತಳ್ಳಿದ್ದರಿಂದ, ಗಡಿಯಾರ ಹೊಂದಿಸದೆ ಬಿಟ್ಟದ್ದರಿಂದ, ತುಂಬಿದ ಕಾರ್ಡನ್ನು ಯಾರೂ ಕೇಳದೆ ಇಟ್ಟದ್ದರಿಂದ ನಿಂತವೇ ಹೆಚ್ಚು.

ಯಂತ್ರದಲ್ಲಿ ಏನಿದೆ

ಅಳತೆ 58 × 48 × 15 ಮಿಲಿಮೀಟರ್. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು ಅನ್ನಬಹುದು. ಮೂರು ಎಎ ಬ್ಯಾಟರಿ, ಒಂದು ಮೈಕ್ರೋ ಎಸ್‌ಡಿ ಕಾರ್ಡು, ಬೋರ್ಡಿನ ಮೇಲೆಯೇ ಕೂತ ಸಣ್ಣ ಮೈಕು, ಒಂದು ಮೈಕ್ರೋ ಯುಎಸ್‌ಬಿ ಕಿಂಡಿ, ಮೂರು ಸ್ಥಾನದ ಸ್ವಿಚ್, ಒಂದು ಕೆಂಪು ದೀಪ, ಒಂದು ಹಸಿರು ದೀಪ. ಇಷ್ಟೇ. ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ರೂಪಿಸಿದ ಈ ಯಂತ್ರದ ವಿನ್ಯಾಸವೂ ತಂತ್ರಾಂಶವೂ ಎಲ್ಲರಿಗೂ ತೆರೆದಿವೆ. ಬೆಲೀಜ್ ದೇಶದ ಕಾಡಿನಲ್ಲಿ ಬಂದೂಕಿನ ಸದ್ದು ಪತ್ತೆ ಹಚ್ಚಲು ಇದನ್ನು ಬಳಸಿ ನೋಡಿದ್ದಾರೆ.

ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಎಂಬುದನ್ನು 8ರಿಂದ 384 ಕಿಲೋಹರ್ಟ್ಸ್ ತನಕ ಆರಿಸಿಕೊಳ್ಳಬಹುದು. ಯಾವ ಸ್ವರ ಬೇಕೋ ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚಿಗೆ ಇಡಬೇಕು ಎಂಬುದು ನಿಯಮ. ಗೂಬೆ, ಕಪ್ಪೆ, ಜಿಂಕೆಯ ಎಚ್ಚರಿಕೆ ಕೂಗಿಗೆ 32 ಸಾಕು. ಹಕ್ಕಿಗಳನ್ನು ಕೂಗಿನಿಂದ ಗುರುತಿಸುವ ಬರ್ಡ್‌ನೆಟ್ ತಂತ್ರಾಂಶದಲ್ಲಿ ಹುಡುಕುವುದಾದರೆ 48 ಇಡಿ, ಆ ತಂತ್ರಾಂಶ ಕೆಲಸ ಮಾಡುವುದೇ ಆ ದರದಲ್ಲಿ. ಕೀಟ ಹಿಡಿಯುವ ಸಣ್ಣ ಬಾವಲಿಗಳಿಗೆ 192 ಅಥವಾ 250 ಬೇಕು. ಮರದಲ್ಲಿ ತಲೆಕೆಳಗಾಗಿ ಗುಂಪುಗುಂಪಾಗಿ ತೂಗುವ ದೊಡ್ಡ ಹಣ್ಣುಬಾವಲಿಗೆ ಅಷ್ಟೆಲ್ಲ ಬೇಡ. ಅದು ಪ್ರತಿಧ್ವನಿ ನಂಬಿ ಹಾರುವುದಿಲ್ಲ, ಅದರ ಜಗಳ ನಮ್ಮ ಕಿವಿಗೇ ಕೇಳುತ್ತದೆ.

ಕಾರ್ಡಿನ ಲೆಕ್ಕ ಸುಲಭ. 32 ಕಿಲೋಹರ್ಟ್ಸ್‌ನಲ್ಲಿ ಒಂದು ನಿಮಿಷದ ಮುದ್ರಣ 3.84 ಎಂಬಿ. ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಪ್ರತಿ 5 ನಿಮಿಷಕ್ಕೊಮ್ಮೆ 1 ನಿಮಿಷ ಮುದ್ರಿಸಿದರೆ ರಾತ್ರಿಗೆ 144 ನಿಮಿಷ, ಸುಮಾರು 553 ಎಂಬಿ. 64 ಜಿಬಿ ಕಾರ್ಡಿಗೆ ಇದು ನೂರಕ್ಕೂ ಹೆಚ್ಚು ರಾತ್ರಿ ಸಾಕು, ಅಷ್ಟರೊಳಗೆ ಬ್ಯಾಟರಿ ಮುಗಿದಿರುತ್ತದೆ. ಅದೇ 192 ಕಿಲೋಹರ್ಟ್ಸ್‌ಗೆ ಏರಿಸಿದರೆ ನಿಮಿಷಕ್ಕೆ 23 ಎಂಬಿ, ಆರು ಪಟ್ಟು. ಬಾವಲಿಯ ಕೆಲಸವನ್ನೂ ಗೂಬೆಯ ಕೆಲಸವನ್ನೂ ಒಂದೇ ಯಂತ್ರಕ್ಕೆ ಒಂದೇ ರಾತ್ರಿ ಹೊರಿಸಲು ಹೋಗಬೇಡಿ.

ಬ್ಯಾಟರಿಯ ಅಂದಾಜನ್ನು ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಕಾನ್ಫಿಗರೇಷನ್ ಆ್ಯಪ್ ತಾನೇ ತೋರಿಸುತ್ತದೆ. ದಿನಕ್ಕೆ ಇಷ್ಟು ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಂದು ಕೆಳಗಡೆ ಬರುತ್ತದೆ. ಅದು 40 ಎಂದಿದ್ದರೆ, 2,000 ಎಂಎಎಚ್ ಬ್ಯಾಟರಿಗೆ 50 ದಿನ. ಕಾಗದದ ಮೇಲಿನ ಈ ಲೆಕ್ಕದ ಮುಕ್ಕಾಲು ಭಾಗವನ್ನು ಮಾತ್ರ ನಂಬಿ, ಅಷ್ಟರೊಳಗೆ ಹೋಗಿ ಬದಲಿಸಿ. ಮೂರೂ ಬ್ಯಾಟರಿ ಒಂದೇ ಕಂಪನಿಯವು, ಒಂದೇ ದಿನ ತೆರೆದವು ಆಗಿರಬೇಕು. ಒಂದು ಹಳೆಯದು ಸೇರಿದರೆ ಮೂರೂ ಹಳೆಯವಾದಂತೆ. ಚಾರ್ಜ್ ಮಾಡುವ ಬ್ಯಾಟರಿಯೂ ನಡೆಯುತ್ತದೆ, ಆಗ ಆ್ಯಪ್‌ನಲ್ಲಿ ಅದಕ್ಕೆ ತಕ್ಕ ಆಯ್ಕೆಯನ್ನು ಒತ್ತಬೇಕು. ಇಲ್ಲದಿದ್ದರೆ ಬ್ಯಾಟರಿ ಮಟ್ಟ ತಪ್ಪಾಗಿ ತೋರಿಸುತ್ತದೆ.

ಕೊಳ್ಳುವಾಗ

ಇದನ್ನು ಬೆಂಗಳೂರಿನ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿ ಕೊಳ್ಳುವ ಅನುಕೂಲವಿಲ್ಲ. ಹೊರದೇಶದಿಂದ ತರಿಸಬೇಕು. ಆನ್‌ಲೈನ್‌ನಲ್ಲಿ ಕಂಡ ಬೆಲೆಗೆ ಸಾಗಣೆ, ಆಮದು ಸುಂಕ, ತೆರಿಗೆ ಎಲ್ಲ ಸೇರಿಸಿಯೇ ಬಜೆಟ್ ಬರೆಯಿರಿ. ಉಳಿದ ಸಾಮಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲೇ ಸಿಗುತ್ತದೆ: ಕಾರ್ಡು, ಬ್ಯಾಟರಿ, ಕೇಬಲ್ ಟೈ, ನೀರು ನುಗ್ಗದ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಕಾರ್ಡನ್ನು ಎಲ್ಲಿಂದಲೇ ಕೊಂಡಿರಿ, ಮೇಲೆ 64 ಜಿಬಿ ಎಂದು ಬರೆದಿದ್ದು ಒಳಗೆ 8 ಇರುವ ನಕಲಿಗಳು ಎಲ್ಲೆಡೆ ಇವೆ. ಇಂಥ ಕಾರ್ಡು ಮೊದಲ ಕೆಲವು ರಾತ್ರಿ ಸರಿಯಾಗಿ ಬರೆದು, ಆಮೇಲೆ ಹಳೆಯದರ ಮೇಲೇ ಬರೆಯುತ್ತದೆ, ಅಥವಾ ಓದಲಾಗದ ಕಡತಗಳನ್ನು ಬಿಡುತ್ತದೆ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ಕಾರ್ಡನ್ನು ಒಮ್ಮೆ ತುಂಬಿಸಿ ಓದಿಸಿ ನೋಡಿ. ಗಂಟೆಗಟ್ಟಲೆ ಹಿಡಿದರೂ ಬಿಡಬೇಡಿ.

ಇನ್ನೊಂದು ಸಣ್ಣ ಸಂಗತಿ, ತುಂಬ ಜನ ಸಿಕ್ಕಿಬೀಳುವುದು ಇಲ್ಲೇ. ಯುಎಸ್‌ಬಿ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಮಾಡುವವು ಬೇರೆ, ಮಾಹಿತಿ ಸಾಗಿಸುವವು ಬೇರೆ. ಮೊದಲನೆಯದನ್ನು ಚುಚ್ಚಿದರೆ ಕಂಪ್ಯೂಟರಿಗೆ ಯಂತ್ರ ಕಾಣುವುದೇ ಇಲ್ಲ, ಯಂತ್ರ ಕೆಟ್ಟಿದೆ ಎಂದು ವಾಪಸ್ ಕಳಿಸುವ ಯೋಚನೆ ಶುರುವಾಗುತ್ತದೆ. ಒಳ್ಳೆಯ ಕೇಬಲ್ ಒಂದನ್ನು ಗುರುತು ಹಾಕಿ ಕಿಟ್‌ನಲ್ಲೇ ಇಡಿ.

ಎಲ್ಲಿ ಸೋಲುತ್ತದೆ

ಗಡಿಯಾರ. ಬ್ಯಾಟರಿ ತೆಗೆದರೆ ಸಮಯ ಹೋಯಿತು. ಹೊಸ ಬ್ಯಾಟರಿ ಹಾಕಿದ ಮೇಲೆ ಮತ್ತೆ ಲ್ಯಾಪ್‌ಟಾಪ್‌ಗೆ ಜೋಡಿಸಬೇಕು, ಇಲ್ಲವೇ ಆಡಿಯೋಮಾತ್ ಚೈಮ್ ಎಂಬ ಮೊಬೈಲ್ ಆ್ಯಪ್‌ನಿಂದ ಸಮಯ ಕೊಡಬೇಕು. ಫೋನು ಒಂದು ರಾಗದಂಥ ಸದ್ದು ಮಾಡುತ್ತದೆ, ಯಂತ್ರ ಅದನ್ನು ಕೇಳಿಸಿಕೊಂಡು ಸಮಯ ಹೊಂದಿಸಿಕೊಳ್ಳುತ್ತದೆ. ಕಾಡಂಚಿನಲ್ಲಿ ಲ್ಯಾಪ್‌ಟಾಪ್ ಹೊರುವ ಕಷ್ಟ ತಪ್ಪಿಸುವ ಈ ಸೌಲಭ್ಯ ಇಡೀ ಯಂತ್ರದಲ್ಲೇ ನಮಗೆ ಹೆಚ್ಚು ಹಿಡಿಸಿದ್ದು.

ಸ್ವಿಚ್ಚಿನ ಮೂರು ಸ್ಥಾನ: ಯುಎಸ್‌ಬಿ/ಆಫ್, ನಡುವೆ ಡಿಫಾಲ್ಟ್, ಆಚೆ ಕಸ್ಟಮ್. ವೇಳಾಪಟ್ಟಿಯಂತೆ ನಡೆಯುವುದು ಕಸ್ಟಮ್‌ನಲ್ಲಿ ಮಾತ್ರ. ಕತ್ತಲಲ್ಲಿ, ಅವಸರದಲ್ಲಿ, ಬೆರಳು ನಡುವಿನಲ್ಲೇ ನಿಂತರೆ ಯಂತ್ರ ಹಗಲೂ ರಾತ್ರಿ ಮುದ್ರಿಸುತ್ತಾ ಹೋಗಿ ಬ್ಯಾಟರಿಯನ್ನು ಬೇಗ ತಿಂದುಬಿಡುತ್ತದೆ. ಗಡಿಯಾರವೂ ಹೊಂದಿರದಿದ್ದರೆ ಕಡತಗಳ ಮೇಲೆ 1970ರ ಜನವರಿ 1 ಎಂದಿರುತ್ತದೆ. ಅಂಥ ಕಡತದಲ್ಲಿ ಎಂಥ ಅಪರೂಪದ ಕೂಗಿದ್ದರೂ ಯಾವ ರಾತ್ರಿಯದು ಎಂದು ಹೇಳಲಾಗುವುದಿಲ್ಲ. ಕಸ್ಟಮ್‌ಗೆ ತಳ್ಳಿದ ಮೇಲೆ ದೀಪ ನೋಡದೆ ಮರ ಬಿಡಬಾರದು: ಹಸಿರು ಮಿನುಗಿದರೆ ಸರದಿಗೆ ಕಾಯುತ್ತಿದೆ, ಕೆಂಪು ಬಂದರೆ ಮುದ್ರಿಸುತ್ತಿದೆ, ಎರಡೂ ಒಟ್ಟಿಗೆ ಮಿನುಗಿದರೆ ಕಾರ್ಡು ಅಥವಾ ಗಡಿಯಾರದಲ್ಲಿ ತೊಂದರೆಯಿದೆ.

ಕಡತದ ಹೆಸರಿನ ಸಮಯ ಮೂಲತಃ ಗ್ರೀನ್‌ವಿಚ್ ಲೆಕ್ಕದ್ದು. 20250614_003000 ಎಂದಿದ್ದರೆ ಅದು ನಡುರಾತ್ರಿ ಹನ್ನೆರಡೂವರೆ ಅಲ್ಲ, ನಮ್ಮ ಗಡಿಯಾರದ ಬೆಳಿಗ್ಗೆ 6 ಗಂಟೆ. ಐದೂವರೆ ಗಂಟೆ ಕೂಡಿಸಬೇಕು. ಇದು ಗೊತ್ತಿಲ್ಲದೆ ಪಟ್ಟಿ ಮಾಡಿದರೆ ಬೆಳಗಿನ ಕುಟ್ರ ಹಕ್ಕಿ ನಡುರಾತ್ರಿ ಕೂಗಿದಂತೆ ವರದಿಯಾಗುತ್ತದೆ. ಆ್ಯಪ್‌ನಲ್ಲಿ ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಬಹುದು. ತಂಡದ ಎಲ್ಲ ಯಂತ್ರಗಳಲ್ಲೂ ಒಂದೇ ತರಹ ಇರಲಿ, ಅರ್ಧ ಹಾಗೆ ಅರ್ಧ ಹೀಗೆ ಆದರೆ ಮುಗಿಯಿತು.

ಮೈಕಿನ ಮಿತಿಯೂ ಗೊತ್ತಿರಲಿ. ಆನೆಗಳು ತಮ್ಮೊಳಗೆ ಗುಡುಗುಟ್ಟುವ ಸದ್ದಿನ ಮುಖ್ಯ ಭಾಗ ನಮ್ಮ ಕಿವಿಗೂ ನಿಲುಕದಷ್ಟು ತಗ್ಗಿನದು, 20 ಹರ್ಟ್ಸ್‌ನ ಆಸುಪಾಸು. ಈ ಮೈಕು 100 ಹರ್ಟ್ಸ್‌ಗಿಂತ ಕೆಳಗೆ ಮಂದವಾಗುತ್ತದೆ. ಘೀಳಿಟ್ಟರೆ ಕೇಳೀತು, ಗುಡುಗುಟ್ಟಿದರೆ ನಂಬುವಂತಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಇದರಲ್ಲಿ ಸಿಮ್ ಇಲ್ಲ, ರೇಡಿಯೋ ಇಲ್ಲ. ಆನೆ ಬಂದಾಗ ಊರಿಗೆ ಸುದ್ದಿ ಮುಟ್ಟಿಸುವ ಕೆಲಸ ಇದರಿಂದಾಗದು. ರಾಗಿ ಹೊಲದ ಅಟ್ಟಣೆಯ ಮೇಲೆ ಕೂತವರಿಗೆ ಇದು ಬದಲಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ರಾತ್ರಿ ಆನೆ, ಚಿರತೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದೇ ದಾರಿ.

ಕಳ್ಳಬೇಟೆಯ ವಿಷಯದಲ್ಲೂ ಹೀಗೇ. ನಾಡಬಂದೂಕಿನ ಸದ್ದು, ಹಂದಿಗೆ ಇಟ್ಟ ಸಿಡಿಮದ್ದಿನ ಸದ್ದು ಮುದ್ರಿತವಾಗುತ್ತವೆ. ಆದರೆ ಬೆಳೆ ಕಾಯುವವರು ಹೊಡೆಯುವ ಪಟಾಕಿಯೂ ಮುದ್ರಿತವಾಗುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ರಾಗಿ ಬಲಿತಾಗ ಇವೆರಡನ್ನು ಬೇರ್ಪಡಿಸುವುದು ಪಳಗಿದ ಕಿವಿಗೂ ಕಷ್ಟ. ಐದು ನಿಮಿಷಕ್ಕೆ ಒಂದು ನಿಮಿಷ ಮಾತ್ರ ಮುದ್ರಿಸುತ್ತಿದ್ದರೆ ಐದು ಗುಂಡಿನಲ್ಲಿ ನಾಲ್ಕು ತಪ್ಪಿಹೋಗುವ ಸಂಭವವೂ ಇದೆ. ಇನ್ನು ಉರುಳು. ಬೇಲಿಯ ಕಂಡಿಯಲ್ಲಿ ಕಟ್ಟಿದ ತಂತಿ ಸದ್ದು ಮಾಡುವುದಿಲ್ಲ. ಹಂದಿಗೆಂದು ಇಟ್ಟದ್ದರಲ್ಲಿ ಚಿರತೆ ಸಿಕ್ಕಿ ಒದ್ದಾಡಿ ಸಾಯುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. ಅದನ್ನು ಹುಡುಕಲು ಕಾಲ್ನಡಿಗೆಯ ಗಸ್ತು ಬೇಕು, ಬೇಲಿಯ ಬುಡ ಬಗ್ಗಿ ನೋಡುವ ಕಣ್ಣು ಬೇಕು.

ಮರಕ್ಕೆ ಕಟ್ಟುವುದು

ಯಂತ್ರ ಬರಿಮೈಯಲ್ಲಿ ಬರುತ್ತದೆ, ಹೊರಕವಚ ಬೇರೆ. ತಯಾರಕರ ಜಲನಿರೋಧಕ ಪೆಟ್ಟಿಗೆಯಲ್ಲಿ ಮೈಕಿನ ಎದುರಿಗೆ ಸದ್ದು ಹಾಯುವ ತೆಳು ಪೊರೆಯಿದೆ, ಅದೇ ಉತ್ತಮ. ಜಿಪ್ ಚೀಲದಲ್ಲಿ ಹಾಕಿ ಕಟ್ಟುವವರೂ ಇದ್ದಾರೆ. ಒಂದೆರಡು ವಾರಕ್ಕೆ ನಡೆಯುತ್ತದೆ, ಗಾಳಿಗೆ ಚೀಲ ಪರಪರ ಎನ್ನುತ್ತದೆ. ಜಂಕ್ಷನ್ ಬಾಕ್ಸಿಗೆ ತೂತು ಕೊರೆದು ಬಳಸುವುದಾದರೆ ತೂತು ಸರಿಯಾಗಿ ಮೈಕಿನ ನೇರಕ್ಕೇ ಬರಬೇಕು, ಪೊರೆಯಿಂದ ಮುಚ್ಚಿರಬೇಕು. ಇಲ್ಲದಿದ್ದರೆ ಇರುವೆಗಳು ಒಳಗೆ ಸಂಸಾರ ಹೂಡುತ್ತವೆ. ಮೈಕಿನ ಕಿಂಡಿಗೆ ಮಣ್ಣು ಮೆತ್ತಿದರೆ ತಿಂಗಳಿಡೀ ಕಂಬಳಿ ಹೊದ್ದು ಕೇಳಿದಂಥ ಸದ್ದು.

ಮೊಳೆ ಹೊಡೆಯಬೇಡಿ, ಅಗಲ ಪಟ್ಟಿಯಿಂದ ಬಿಗಿಯಿರಿ. ಎತ್ತರ ಎರಡರಿಂದ ಎರಡೂವರೆ ಮೀಟರ್, ಅಂದರೆ ಸಣ್ಣ ಏಣಿಯಿಂದ ತಲುಪುವಷ್ಟು. ಅರಳಿ ಮರ ಬೇಡವೇ ಬೇಡ, ಗಾಳಿಯೇ ಇಲ್ಲದಾಗಲೂ ಅದರ ಎಲೆ ಸುಮ್ಮನಿರುವುದಿಲ್ಲ. ಬಿದಿರು ಮೆಳೆಯ ಹತ್ತಿರವೂ ಬೇಡ, ಕಿರುಗುಟ್ಟುತ್ತದೆ. ಹೊಂಗೆಯಂಥ ಗಟ್ಟಿ ಕಾಂಡದ ಮರ ಒಳ್ಳೆಯದು, ಕಾಂಡ ಪೆಟ್ಟಿಗೆಗಿಂತ ತೀರ ಅಗಲವಿದ್ದರೆ ಹಿಂದಿನ ಸದ್ದು ಮರೆಯಾಗುತ್ತದೆ. ಕೋತಿಗಳಿರುವ ಕಡೆ ಹೊಳೆಯುವ ಬಣ್ಣದ ಪಟ್ಟಿ ಕಟ್ಟಬೇಡಿ. ಯಂತ್ರದಿಂದ ಯಂತ್ರಕ್ಕೆ ಕನಿಷ್ಠ 250 ಮೀಟರ್ ಬಿಡಿ, ಇಲ್ಲದಿದ್ದರೆ ಒಂದೇ ಗೂಬೆ ಎರಡು ಲೆಕ್ಕಕ್ಕೆ ಸೇರುತ್ತದೆ.

ನಗರದೊಳಗೆ ಇನ್ನೊಂದು ಅಪಾಯ. ಕೆರೆ ದಡದ ಮರದಲ್ಲಿ ಮಿನುಗುವ ದೀಪದ ಅಪರಿಚಿತ ಪೆಟ್ಟಿಗೆ ಕಂಡರೆ ಬೆಳಗಿನ ವಾಕಿಂಗ್‌ಗೆ ಬಂದವರು ಪೊಲೀಸರಿಗೆ ಫೋನು ಮಾಡುತ್ತಾರೆ, ಅದು ಅವರ ತಪ್ಪಲ್ಲ. ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ: ಇದು ಹಕ್ಕಿಗಳ ಧ್ವನಿ ದಾಖಲಿಸುವ ಯಂತ್ರ, ಅನುಮತಿ ಪಡೆದಿದೆ, ಈ ಸಂಖ್ಯೆಗೆ ಕರೆ ಮಾಡಿ. ಆ್ಯಪ್‌ನಲ್ಲಿ ದೀಪ ಆರಿಸುವ ಆಯ್ಕೆಯೂ ಇದೆ. ಅನುಮತಿ ಎಂದರೆ ನಿಜವಾದ, ಕಾಗದದ ಮೇಲಿನ ಅನುಮತಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗಾದರೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ. ಕೆರೆಯಾದರೆ ಅದನ್ನು ನೋಡಿಕೊಳ್ಳುವ ಪಾಲಿಕೆ ಅಥವಾ ಇಲಾಖೆ. ಖಾಸಗಿ ತೋಟವಾದರೂ ಮಾಲೀಕರ ಸಹಿಯಿರಲಿ.

ಈ ಯಂತ್ರ ಮನುಷ್ಯರ ಮಾತನ್ನೂ ಹಿಡಿಯುತ್ತದೆ. ಹಾದಿ ಬದಿಯಲ್ಲಿ, ಕುಳಿತುಕೊಳ್ಳುವ ಕಟ್ಟೆಯ ಹತ್ತಿರ ಕಟ್ಟಬೇಡಿ. ಮಾತು ಬಂದ ತುಣುಕನ್ನು ಕೇಳುತ್ತಾ ಕೂರದೆ ಅಳಿಸಬೇಕು ಎಂಬ ನಿಯಮವನ್ನು ಮೊದಲ ದಿನವೇ ಬರೆದು ಎಲ್ಲರಿಂದ ಸಹಿ ಹಾಕಿಸಿಕೊಳ್ಳಿ. ಊರಿನವರ ನಂಬಿಕೆ ಹೋದರೆ ಯಂತ್ರವೂ ಹೋಗುತ್ತದೆ.

ಜನರ ತರಬೇತಿ

ಒಂದು ಯಂತ್ರಕ್ಕೆ ಇಬ್ಬರು, ಒಟ್ಟು ಎಂಟು ಜನರ ತಂಡ ಹಿಡಿತಕ್ಕೆ ಸಿಗುತ್ತದೆ. ಅವರಲ್ಲಿ ಒಬ್ಬರಾದರೂ ಕಾಡಿನಲ್ಲಿ ದನ ಮೇಯಿಸಿದವರೋ, ಅರಣ್ಯ ಕಾಯುವ ವಾಚರ್ ಆಗಿದ್ದವರೋ ಇರಲಿ. ಹಾಲಕ್ಕಿ ನುಡಿದದ್ದನ್ನು ಕೇಳಿ ಶಕುನ ಹೇಳುವ ಬುಡುಬುಡಿಕೆಯವರ ನಾಡು ನಮ್ಮದು. ಸದ್ದಿನಿಂದ ಪ್ರಾಣಿ ಗುರುತಿಸುವ ವಿದ್ಯೆ ಹಳ್ಳಿಗಳಲ್ಲಿ ಇನ್ನೂ ಇದೆ, ಅದಕ್ಕೆ ಬೆಲೆ ಕೊಟ್ಟು ಕರೆಯಬೇಕು.

ಮೊದಲ ಅರ್ಧ ದಿನ ಬರೀ ಕೈಕೆಲಸ. ಬ್ಯಾಟರಿ, ಕಾರ್ಡು, ವೇಳಾಪಟ್ಟಿ, ಚೈಮ್, ಸ್ವಿಚ್, ದೀಪ, ಹೀಗೆ ಇದೇ ಕ್ರಮದಲ್ಲಿ ಪ್ರತಿಯೊಬ್ಬರೂ ಒಬ್ಬರೇ ಮೂರು ಸಲ ಮಾಡಬೇಕು. ಎಲ್ಲರೂ ಸುತ್ತ ನಿಂತು ಒಬ್ಬ ಮಾಡಿದ್ದನ್ನು ನೋಡಿದರೆ ಕಲಿತಂತಾಗುವುದಿಲ್ಲ. ಕೊನೆಯ ಸಲ ಕೋಣೆಯ ದೀಪ ಆರಿಸಿ, ಹೆಡ್ ಟಾರ್ಚಿನ ಬೆಳಕಿನಲ್ಲಿ ಮಾಡಿಸಿ. ಎರಡನೆಯ ದಿನ ಸಂಜೆ ಮರಕ್ಕೆ ಕಟ್ಟುವುದು. ಕಟ್ಟಿದ ಕೂಡಲೇ ಮುದ್ರಣ ಶುರುವಾದಾಗ ಯಂತ್ರದ ಎದುರು ನಿಂತು ಜಾಗ, ತಾರೀಕು, ಸಮಯ, ಯಂತ್ರದ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿಸಿ. ಆಮೇಲೆ ಕಾರ್ಡುಗಳು ಅದಲುಬದಲಾದರೆ ಈ ಮಾತೇ ಉಳಿಸುವುದು. ಅದನ್ನೇ ಪುಸ್ತಕದಲ್ಲೂ ಪೆನ್ಸಿಲ್‌ನಿಂದ ಬರೆಯಿರಿ, ಪೆನ್ನಿನ ಶಾಯಿ ಮಳೆಗೆ ನಿಲ್ಲದು. ಎರಡೇ ರಾತ್ರಿ ಬಿಟ್ಟು ಕಾರ್ಡು ತಂದು ನೋಡಿ. ಮೊದಲ ಸಲವೇ ತಿಂಗಳು ಬಿಟ್ಟರೆ ತಿಂಗಳಿನ ತಪ್ಪು ಒಟ್ಟಿಗೆ ಬರುತ್ತದೆ.

ಮೂರನೆಯ ಹಂತ ಕೇಳುವುದು. ಇಲ್ಲೇ ಯೋಜನೆಗಳು ಸೊರಗುವುದು, ಆದ್ದರಿಂದ ತುಸು ಲೆಕ್ಕ. ರಾತ್ರಿಗೆ 144 ನಿಮಿಷದಂತೆ ಒಂದು ಯಂತ್ರ 30 ರಾತ್ರಿಯಲ್ಲಿ 72 ಗಂಟೆ ಮುದ್ರಿಸುತ್ತದೆ. ನಾಲ್ಕು ಯಂತ್ರಕ್ಕೆ 288 ಗಂಟೆ. ಅಷ್ಟನ್ನು ಯಾರೂ ಕೂತು ಕೇಳಲಾರರು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸದ್ದನ್ನು ಚಿತ್ರವಾಗಿ, ಅಂದರೆ ಸ್ಪೆಕ್ಟ್ರೋಗ್ರಾಮ್ ಆಗಿ ನೋಡಲು ಕಲಿಸಿ. ಜೀರುಂಡೆ ಮೇಲ್ಗಡೆ ದಪ್ಪ ಪಟ್ಟೆಯಾಗಿ, ವಾಹನಗಳ ಮೊರೆತ ತಳದಲ್ಲಿ ಕೆಸರಿನಂತೆ ಕಾಣುತ್ತವೆ. ನಡುವಿನ ಖಾಲಿಯಲ್ಲಿ ಬರುವ ಗೆರೆಗಳೇ ನಮಗೆ ಬೇಕಾದವು. ವಾರದೊಳಗೆ ಕಣ್ಣು ಪಳಗುತ್ತದೆ.

ಹಕ್ಕಿಗಳಿಗೆ ಬರ್ಡ್‌ನೆಟ್ ಇದೆ, ಉಚಿತ. ಮೂರು ಮೂರು ಸೆಕೆಂಡಿನ ತುಣುಕು ಮಾಡಿ, ಪ್ರತಿಯೊಂದಕ್ಕೂ ಹಕ್ಕಿಯ ಹೆಸರನ್ನೂ 0ಯಿಂದ 1ರ ನಡುವಿನ ಒಂದು ಅಂಕವನ್ನೂ ಕೊಡುತ್ತದೆ. ಅಕ್ಷಾಂಶ, ರೇಖಾಂಶ, ವಾರ ಕೊಟ್ಟರೆ ಇಲ್ಲಿ ಇರಲಾರದ ಹಕ್ಕಿಗಳನ್ನು ಬಿಟ್ಟುಬಿಡುತ್ತದೆ. ಆದರೆ 0.9 ಬಂದಿತೆಂದರೆ ನೂರಕ್ಕೆ ತೊಂಬತ್ತು ಸರಿ ಎಂದು ಅರ್ಥವಲ್ಲ. ಅಳಿಲಿನ ಕೂಗು, ಮಕ್ಕಳ ಕೇಕೆ, ವಾಹನದ ಬ್ರೇಕು ಎಲ್ಲವೂ ಹಕ್ಕಿಯ ಹೆಸರು ಪಡೆಯಬಲ್ಲವು. ಪ್ರತಿ ಜಾತಿಗೂ ಪಟ್ಟಿಯಿಂದ ಚೀಟಿ ಎತ್ತಿದಂತೆ 50 ತುಣುಕು ಆರಿಸಿ, ಇಬ್ಬರು ಬೇರೆಬೇರೆ ಕೂತು ಕೇಳಿ ಸರಿ–ತಪ್ಪು ಗುರುತಿಸಲಿ. 50ರಲ್ಲಿ 45 ಸರಿಯಿದ್ದರೆ ಆ ಜಾತಿಯ ಪಟ್ಟಿಯನ್ನು ಬಳಸಬಹುದು. 20 ಇದ್ದರೆ ಎಷ್ಟು ಅಂಕಕ್ಕಿಂತ ಮೇಲಿನದನ್ನು ಮಾತ್ರ ಒಪ್ಪುವುದು ಎಂಬ ಮಿತಿಯನ್ನು ಏರಿಸಿ ಮತ್ತೆ 50 ಕೇಳಬೇಕು. ಈ ಕೇಳುವ ಕೆಲಸಕ್ಕೆ ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡಿ. ಸೇವೆಯ ಹೆಸರಲ್ಲಿ ಪುಕ್ಕಟೆ ಮಾಡಿಸಿದರೆ ಎರಡನೆಯ ತಿಂಗಳಿಗೆ ಯಾರೂ ಇರುವುದಿಲ್ಲ, ಇರಬೇಕೆಂದು ಕೇಳುವ ಹಕ್ಕೂ ನಮಗಿಲ್ಲ.

ಕಾಡುಪಾಪಕ್ಕೆ ಇಂಥ ಸಿದ್ಧ ತಂತ್ರಾಂಶವನ್ನು ನೆಚ್ಚಬೇಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಇನ್ನೂ ಉಳಿದಿರುವ ಈ ಪುಟ್ಟ ಜೀವದ ಶಿಳ್ಳೆಯನ್ನು ಮೊದಲು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಖಚಿತ ಮಾಡಿಕೊಳ್ಳಬೇಕು. ಬಿಳಿ ಟಾರ್ಚು ಅದರ ಕಣ್ಣು ಕುಕ್ಕುತ್ತದೆ, ಕೆಂಪು ಹಾಳೆ ಅಂಟಿಸಿದ ಟಾರ್ಚಿನಲ್ಲಿ ನಿಧಾನ ನಡೆದು ನೋಡಿ. ಕಾಡುಪಾಪ ಮತ್ತು ಗೂಬೆ, ಎರಡನ್ನೂ ಮಾಟಮಂತ್ರದ ಹೆಸರಲ್ಲಿ ಹಿಡಿಯುವವರಿದ್ದಾರೆ. ಅವು ಕೂಗಿದ ಮರದ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು, ಸಾರ್ವಜನಿಕ ನಕ್ಷೆಗೂ ಹಾಕಬಾರದು. ಕಡತಗಳನ್ನು ಹಂಚುವಾಗ ಜಾಗದ ಬದಲು ಬಡಾವಣೆಯ ಹೆಸರಷ್ಟೇ ಸಾಕು.

ಬೇರೆ ಯಾವುದು

ಹಣ ಸ್ವಲ್ಪ ಹೆಚ್ಚಿದ್ದು, ಲ್ಯಾಪ್‌ಟಾಪ್ ಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ವೈಲ್ಡ್‌ಲೈಫ್ ಅಕೌಸ್ಟಿಕ್ಸ್ ಕಂಪನಿಯ ಸಾಂಗ್ ಮೀಟರ್ ಮೈಕ್ರೋ 2 ನೋಡಿ. ಹೊರಕವಚ ಜೊತೆಗೇ ಬರುತ್ತದೆ, ಬ್ಲೂಟೂತ್ ಮೂಲಕ ಫೋನಿನಿಂದಲೇ ಎಲ್ಲ ಹೊಂದಿಸಬಹುದು. ಸ್ವಿಚ್ಚಿನ ಗೊಂದಲವೇ ಇಲ್ಲ. ಬರೀ ಹಗಲಿನ ಹಕ್ಕಿಗಳ ಪಟ್ಟಿ ಬೇಕಾದ ಕೆರೆ ಸಮಿತಿಗೆ ಇವೆರಡೂ ಬೇಡ. ಮೂರ್ನಾಲ್ಕು ಜನ ವಾರಕ್ಕೊಮ್ಮೆ ಬೆಳಿಗ್ಗೆ ದುರ್ಬೀನು ಹಿಡಿದು ನಡೆದರೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗುತ್ತದೆ. ರಾತ್ರಿಯ ಜೀವಗಳಿಗೆ, ಮನುಷ್ಯ ಹೋಗಬಾರದ ಜಾಗಕ್ಕೆ, ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದ ಲೆಕ್ಕಕ್ಕೆ ಆಡಿಯೋಮಾತ್ ಕೊಳ್ಳಿ.

ಶುರು ಮಾಡಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ: ಮಳೆಯಿಲ್ಲ, ರಾಗಿ ಕೊಯ್ಲು ಮುಗಿದು ಪಟಾಕಿ ನಿಂತಿರುತ್ತದೆ, ಊರಿನವರಿಗೂ ಬಿಡುವು. ಜೂನ್ ಮಳೆ ಹಿಡಿಯುವ ಮೊದಲು ಯಂತ್ರಗಳನ್ನು ಇಳಿಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಬ್ಯಾಟರಿ ಒಳಗೇ ಬಿಟ್ಟರೆ ಸೋರಿ ತಗಡು ಹಸಿರಾಗುತ್ತದೆ, ಮುಂದಿನ ಜನವರಿಗೆ ಯಂತ್ರ ಏಳುವುದಿಲ್ಲ. ಕಪ್ಪೆಗಳ ಕೆಲಸಕ್ಕೆ ಮಳೆಗಾಲದಲ್ಲೇ ಬೇಕೆನ್ನುವವರು ಎರಡನ್ನು ಮಾತ್ರ ಹೊರಗೆ ಬಿಟ್ಟು, ಹತ್ತು ದಿನಕ್ಕೊಮ್ಮೆ ಜೆಲ್ ಬದಲಿಸಲಿ.